ಬಾವಿಯ ಎಡಕ್ಕೆ ಮೂರನೆಯ ಮನೆ

"ಗುರುಗಳೇ, ವೆಬ್ ವಿಳಾಸ ಎಂದರೆ ಒಂದೇ ಒಂದು ಸಾಲು. ಅದನ್ನು ಓದುವ ನಿಯಮಗಳು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆದು ದಪ್ಪ ಪುಸ್ತಕವಾಗಿವೆ. ನಾನು ಬರೆಯುತ್ತಿರುವ ತಂತ್ರಾಂಶದಲ್ಲಿ ಅರ್ಧ ನಿಯಮ ಬಿಟ್ಟುಬಿಡಲೇ?" ಎಂದು ಕಂಪ್ಯೂಟರ್ ಕೆಲಸ ಬಲ್ಲ ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ನಕ್ಕರು. "ಓದಲು ಬೇಸರ ಎಂದು ನೇರವಾಗಿ ಹೇಳಬಾರದೇನಯ್ಯಾ? ಇರಲಿ, ಕೇಳು" ಎಂದು ಕತೆ ಹೇಳಿದರು.

ಒಂದೂರಿನಲ್ಲಿ ಇಬ್ಬರು ಅಂಚೆಯವರು. ಒಬ್ಬ ಪೇಟೆಯ ಕಡೆಯಿಂದ ಊರೊಳಗೆ ಬರುವವನು, ಇನ್ನೊಬ್ಬ ಹೊಳೆಯ ಕಡೆಯಿಂದ. ಅವರಿಗಿದ್ದ ನಿಯಮ ಒಂದೇ: ಬರೆದಲ್ಲಿಗೆ ತಲುಪಿಸು. ಇಷ್ಟು ಸುಲಭದ ಕೆಲಸ ಬೇರೆಲ್ಲೂ ಇಲ್ಲ ಎಂದು ಇಬ್ಬರೂ ಬೀಗುತ್ತಿದ್ದರು.

ಆ ಊರಿನ ಒಬ್ಬ ತಾಯಿಯ ಮಗಳಿಗೆ ಜ್ವರ ಹಿಡಿಯಿತು. ದೂರದ ವೈದ್ಯ ಔಷಧಿಯ ಪೊಟ್ಟಣದ ಮೇಲೆ 'ಬಾವಿಯ ಎಡಕ್ಕೆ ಮೂರನೆಯ ಮನೆ' ಎಂದು ಬರೆದು ಕಳಿಸಿದ. ಮೊದಲ ಪೊಟ್ಟಣ ಪೇಟೆ ಕಡೆಯವನ ಕೈಗೆ ಬಂತು, ಸರಿಯಾಗಿ ತಲುಪಿತು. ಎರಡನೆಯದು ಹೊಳೆ ಕಡೆಯವನ ಕೈಗೆ ಬಂತು. ಎದುರು ದಿಕ್ಕಿನಿಂದ ಬರುವ ಅವನ ಎಡವೇ ಬೇರೆ. ಪೊಟ್ಟಣ ಕುಂಬಾರನ ಮನೆ ಸೇರಿತು. ಬೇಕಾದವರು ಬಂದು ಕೇಳಲಿ ಎಂದು ಕುಂಬಾರ ಅದನ್ನು ಗೋಡೆಯ ಗೂಡಿನಲ್ಲಿಟ್ಟು ಮರೆತ.

ಜ್ವರ ಮತ್ತೆ ಏರಿತು. ತಾಯಿ ಮೂರು ದಿನ ಬಾಗಿಲು ಬಿಟ್ಟು ಕದಲಲಿಲ್ಲ. ನಾಲ್ಕನೆಯ ದಿನ ಕುಂಬಾರನ ಹೆಂಡತಿ ಗೂಡು ಒರೆಸುವಾಗ ಔಷಧಿಯ ವಾಸನೆ ಹಿಡಿದಳು. ಗಂಡನಿಗೆ ಬಾಯಿಗೆ ಬಂದಂತೆ ಬೈದು, ಕಾಯಿಲೆ ಯಾರ ಮನೆಯಲ್ಲಿ ಎಂದು ಮನೆಮನೆ ಕೇಳುತ್ತ ಓಡಿದಳು. ಮಗಳು ಉಳಿದಳು. ತಾಯಿಗೆ ಹೋದ ಜೀವ ಬಂದಂತಾಯಿತು.

ಅಂಚೆಯವರು ಜಗಳವಾಡಿದರು. ತಪ್ಪು ಯಾರದೂ ಅಲ್ಲ. ಇಬ್ಬರೂ ಬರೆದಂತೆಯೇ ನಡೆದಿದ್ದರು. ಜಗಳ ಸಾಕಾಗಿ ಒಂದು ಸಾಲು ಬರೆದಿಟ್ಟರು: ಎಡ ಎಂದರೆ ಪೇಟೆಯಿಂದ ಬರುವವನ ಎಡ. ಮುಂದಿನ ತಿಂಗಳು ಯಾರೋ ಎಷ್ಟನೆಯ ಮನೆ ಎಂಬುದನ್ನೇ ಬರೆಯದೆ ಬಿಟ್ಟರು, ಇನ್ನೊಂದು ಸಾಲು. ಬೇರೊಬ್ಬ ತನ್ನ ನಾಡಿನ ಲಿಪಿಯಲ್ಲಿ ಬರೆದ, ಅದಕ್ಕೂ ಒಂದು. ಹೀಗೆ ಪುಸ್ತಕ ಊದಿತು. ಅಂಚೆಯವರು ಗೊಣಗುತ್ತಲೇ ಕಲಿತರು. ಊರಿನವರು ಮಾತ್ರ ತಮಗೆ ತೋಚಿದಂತೆ ಬರೆದು, ತಲುಪುತ್ತದೆ ಎಂದು ನೆಮ್ಮದಿಯಾಗಿ ಮಲಗಿದರು.

ಕತೆ ಮುಗಿಯಿತು. ಸಂಗಯ್ಯ ಅಷ್ಟಕ್ಕೇ ಬಿಡಲಿಲ್ಲ. "ಆದರೂ ಗುರುಗಳೇ, ಆ ಎಡದ ಸಾಲಿನಂಥ ಸಣ್ಣಪುಟ್ಟದ್ದನ್ನಾದರೂ ಬಿಡಬಹುದಲ್ಲ?"

"ಧಾರಾಳವಾಗಿ ಬಿಡು; ಬಿಡುವ ಮೊದಲು ಆ ತಾಯಿಗೆ ಒಂದು ಮಾತು ಹೇಳಿ ಬಾ."