ನರಿ ನುಂಗಿದ ನಗೆ

ಗುಬ್ಬಿಯ ಕೊರಳಿಗೂ ಗುಡುಗಿನ ಕೊರಳಿಗೂ ದನಿ ಕೊಟ್ಟ ಭಗವಂತನಿಗೆ ಮೊದಲು ಕೈಮುಗಿಯುತ್ತೇನೆ. ಅವನು ನುಡಿಸಿದಷ್ಟು ನುಡಿಯುತ್ತೇನೆ. ಮಕ್ಕಳೇ, ದೊಡ್ಡವರೇ, ಹತ್ತಿರ ಬನ್ನಿ.

ಒಂದು ಕಾಡಿನಲ್ಲಿ ಒಂದು ಹೊಳೆ ಹರಿಯುತ್ತಿತ್ತು. ಹೊಳೆಯ ಮೂಡಣ ದಡದಲ್ಲಿ ಒಂದು ಕಾಜಾಣ, ಪಡುವಣ ದಡದಲ್ಲಿ ಒಂದು ಗೊರವಂಕ ವಾಸವಾಗಿದ್ದವು. ಎರಡೂ ಜೀವದ ಗೆಳೆಯರು. ಎರಡೂ ಹಾಡುಗಾರರು. ಅವರದು ರಾಗ ಎಳೆಯುವ ಹಾಡಲ್ಲ. ಪಟಪಟನೆ ಮಾತು ಪೋಣಿಸಿ, ಪ್ರಾಸ ಕಟ್ಟಿ, ಎದುರಿನವನ ಕಾಲೆಳೆಯುವ ಹಾಡು. ಸಂಜೆಯಾದರೆ ಹೊಳೆಯ ನಡುಗಡ್ಡೆಯ ಅತ್ತಿಮರದಲ್ಲಿ ಇಬ್ಬರೂ ಸೇರುತ್ತಿದ್ದರು. ಕಾಡೆಲ್ಲ ಕೇಳಲು ಬರುತ್ತಿತ್ತು.

"ಹಳದಿ ಕೊಕ್ಕಿನ ಗೊರವಂಕ, ಯಾಕೋ ನಿನಗೆ ಇಷ್ಟು ಬಿಂಕ? ಎಮ್ಮೆಯ ಬೆನ್ನೇರಿದ ಮಂಕ!" ಎಂದು ಕಾಜಾಣ ಶುರು ಮಾಡುತ್ತಿತ್ತು.

"ಕತ್ತರಿ ಬಾಲದ ಕಾಜಾಣ, ಕೂಗಿದರೆ ನೀ ಮುರುಕು ಗಾಣ, ಕದ್ದ ದನಿಯೇ ನಿನ್ನ ಪ್ರಾಣ!" ಎಂದು ಗೊರವಂಕ ತಿರುಗಿಸಿ ಕೊಡುತ್ತಿತ್ತು.

ಮೊಲಗಳು ನಕ್ಕು ನಕ್ಕು ಹುಲ್ಲಿನಲ್ಲಿ ಉರುಳುತ್ತಿದ್ದವು.

ಈ ಆಟಕ್ಕೆ ಎರಡು ಕಟ್ಟಳೆಗಳಿದ್ದವು. ಬೈದವನು ಕೊನೆಗೆ ಒಂದು ಸಾಲು ಹೇಳಲೇಬೇಕು: "ಹಾಡುವಾಗ ಹಗೆ, ಹಾಡಿ ಮುಗಿದರೆ ನಗೆ!" ಆಮೇಲೆ ಇಬ್ಬರೂ ನಗಬೇಕು. ಇನ್ನೊಂದು, ಹಾಡುವವನು ಮೈಮರೆತು ಕಣ್ಣು ಮುಚ್ಚುತ್ತಾನಲ್ಲ, ಆಗ ಕೇಳುವವನು ಕಾವಲು ಕಾಯಬೇಕು. ಆಕಾಶದಲ್ಲಿ ಗಿಡುಗ ಕಂಡರೆ ಕೂಗಬೇಕು. ಪೊದೆಯಲ್ಲಿ ನರಿ ಕಂಡರೂ ಕೂಗಬೇಕು. ಆ ಕೂಗಿನಿಂದಲೇ ಕಾಡಿನ ಮರಿಗಳೆಲ್ಲ ಉಳಿದಿದ್ದವು.

ನರಿಗೆ ಮಾತ್ರ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿಯಾಗಿತ್ತು. 'ಇವರಿಬ್ಬರ ಸ್ನೇಹ ಮುರಿಯದೆ ನನಗೆ ಊಟವಿಲ್ಲ' ಎಂದುಕೊಂಡಿತು.

ಒಂದು ಬೆಳಿಗ್ಗೆ ಅದು ಮೂಡಣ ದಡಕ್ಕೆ ಹೋಯಿತು.

"ಅಳಿಯಾ, ಹೇಳಬಾರದು ಅಂದುಕೊಂಡಿದ್ದೆ. ಆದರೆ ಮನಸ್ಸು ತಡೆಯಲಿಲ್ಲ. ಗೊರವಂಕ ನಿನ್ನನ್ನು ಕದ್ದ ದನಿಯವನು ಅಂತ ಹಾಡುತ್ತಿದ್ದಾನಪ್ಪ."

ಕಾಜಾಣ ನಕ್ಕಿತು. "ಅದು ಹಳೆಯ ಹಾಡೇ, ಮಾವ. ಕೊನೆಯ ಸಾಲು ಹೇಳಿದನಲ್ಲ?"

"ಅದನ್ನೇ ನುಂಗಿಬಿಟ್ಟ, ನೋಡು! ಇವನ ಜೊತೆ ಇನ್ನೇನು ನಗೆ ಅಂದ."

ಕಾಜಾಣದ ಮುಖ ಬಾಡಿತು. ನರಿ ಅಲ್ಲಿಂದ ಹೊಳೆ ದಾಟಿ ಪಡುವಣ ದಡಕ್ಕೆ ಹೋಯಿತು. ಅದೇ ಮಾತನ್ನು ಹಿಂದುಮುಂದು ಮಾಡಿ ಗೊರವಂಕದ ಕಿವಿಗೂ ಊದಿತು.

ಗೂಡಿನಲ್ಲಿದ್ದ ಕಾಜಾಣದ ಅವ್ವ ಎಲ್ಲವನ್ನೂ ಕೇಳಿದ್ದಳು. "ಮಗಾ, ಹೋಗಿ ಅವನನ್ನೇ ಕೇಳೋ. ಹೊಳೆ ಎಷ್ಟು ಮಹಾ ಅಗಲ?" ಎಂದಳು.

"ನಾನ್ಯಾಕೆ ಮೊದಲು ಹೋಗಲಿ ಅವ್ವಾ? ತಪ್ಪು ಅವನದು. ಅವನೇ ಬರಲಿ."

ಆಚೆ ದಡದಲ್ಲಿ ಗೊರವಂಕವೂ, ಗೂಡಿನಿಂದ ನರಿಯ ಮಾತು ಕೇಳಿದ್ದ ತನ್ನ ಅವ್ವನಿಗೆ ಇದನ್ನೇ ಹೇಳಿತು.

ಅಂದು ಸಂಜೆ ಇಬ್ಬರೂ ಅತ್ತಿಮರಕ್ಕೆ ಬಂದರು. ದೂರ ದೂರದ ಕೊಂಬೆಗಳಲ್ಲಿ ಕುಳಿತರು. ಕಾಜಾಣ ಕಣ್ಣು ಮುಚ್ಚಿ ಹಾಡಿತು. ಗೊರವಂಕ ಆ ಕೊನೆಯ ಸಾಲಿಗಾಗಿ ಕಾಯಿತು. ಅದು ಬರಲಿಲ್ಲ. ಕಾಜಾಣ ಮತ್ತೆ ಬೈಗುಳವನ್ನೇ ಎತ್ತಿಕೊಂಡಿತು.

ಆಗ ಮೋಡದ ಅಂಚಿನಿಂದ ಗಿಡುಗ ಇಳಿಯಿತು. ಗೊರವಂಕ ಅದನ್ನು ಕಂಡಿತು. ಕೂಗಲು ಕೊಕ್ಕು ತೆರೆಯಿತು. 'ನಗೆ ನುಂಗಿದವನಿಗೆ ನಾನ್ಯಾಕೆ ಕೂಗಲಿ?' ಎಂಬ ಯೋಚನೆ ಒಂದೇ ಒಂದು ಉಸಿರಿನಷ್ಟು ಹೊತ್ತು ಅಡ್ಡ ಬಂತು. ಮರುಕ್ಷಣ ಗಂಟಲು ಹರಿಯುವಂತೆ ಕೂಗಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. ಕತ್ತರಿ ಬಾಲದ ಒಂದು ಗರಿ ಮಾತ್ರ ಹೊಳೆಯ ನೀರಿನ ಮೇಲೆ ತೇಲಿ ಹೋಯಿತು.

ಗೊರವಂಕ ಆಮೇಲೆ ಕಾಳು ಮುಟ್ಟಲಿಲ್ಲ. ಅದೇ ಮರದಲ್ಲಿ ಒಂಟಿಯಾಗಿ ಕುಳಿತು, ಗೆಳೆಯನ ಹಾಡನ್ನು ಗೆಳೆಯನದೇ ದನಿಯಲ್ಲಿ ಹಾಡತೊಡಗಿತು. ಕಣ್ಣು ಮುಚ್ಚಿತ್ತು. ಕಾಯುವವರು ಯಾರೂ ಇರಲಿಲ್ಲ. ಗಿಡುಗ ಮತ್ತೆ ಬಂತು.

ಹಾಡುಗಾರರು ಹೋದರು, ಬೈಗುಳ ಉಳಿಯಿತು. ಮೂಡಣದ ಹಕ್ಕಿಗಳು ಪಡುವಣದವರನ್ನು ಕೊಲೆಗಾರರೆಂದವು. ಪಡುವಣದವು ಮೂಡಣದವರನ್ನು ನಗೆ ನುಂಗಿದವರೆಂದವು. ಎರಡು ದಡದ ಎಳೆಯರೂ ಆ ಹಾಡುಗಳನ್ನು ಹಾಡುತ್ತಾ ಕೊಕ್ಕು ಮಸೆದರು. ಕೊನೆಯ ಸಾಲು ಯಾರ ಬಾಯಲ್ಲೂ ಇರಲಿಲ್ಲ. ಕಾವಲಿನ ಕೂಗೂ ನಿಂತಿತು. ನರಿ ಗೌಜಲಹಕ್ಕಿಯ ಮರಿಗಳನ್ನು ತಿಂದು ತಿಂದು ದಪ್ಪಗಾಯಿತು.

ಕಾಜಾಣದ ಅವ್ವ ದೇವರಲ್ಲಿ ಮೊರೆಯಿಟ್ಟಳು. "ತಂದೇ, ನನ್ನ ಮಗನನ್ನು ನೀನು ಕರೆದುಕೊಂಡೆ. ಅವನ ಹಾಡಾದರೂ ಕೊಲ್ಲುವ ಹಾಡಾಗಿ ಉಳಿಯದಿರಲಿ." ಮಗ ದಾಟದ ಹೊಳೆಯನ್ನು ಬೆಳಗಾಗುತ್ತಲೇ ತಾನು ದಾಟಿದಳು.

ಗೊರವಂಕದ ಅವ್ವ ರೆಕ್ಕೆ ಕೆದರಿ ನಿಂತಳು. "ಏನು, ಜಗಳಕ್ಕೆ ಬಂದೆಯಾ?"

"ಇಲ್ಲ ಅಕ್ಕಾ. ಒಂದೇ ಮಾತು ಕೇಳಿ ಹೋಗುತ್ತೇನೆ. ನಿನ್ನ ಮಗ ಆ ಸಾಲನ್ನು ನುಂಗಿದ್ದು ನಿಜವೇ?"

"ನನ್ನ ಮಗನೇ? ಮೊದಲು ನುಂಗಿದವನು ನಿನ್ನ ಮಗ ಅಂತಲ್ಲವೇ ಆ ನರಿ..."

"ನಿನಗೂ ಆ ನರಿಯೇ ಹೇಳಿತೇ?" ಎಂದಳು ಕಾಜಾಣದ ಅವ್ವ. ಇಬ್ಬರು ಅವ್ವಂದಿರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಒಂದೇ ಕೊಂಬೆಯಲ್ಲಿ ಕುಳಿತು ಬಹಳ ಹೊತ್ತು ಅತ್ತರು.

ಸಂಜೆ ಅತ್ತಿಮರದ ಕೆಳಗೆ ಇಡೀ ಕಾಡನ್ನು ಕರೆದರು. ನರಿಯೂ ಹೊಟ್ಟೆ ಹೊತ್ತುಕೊಂಡು ಬಂತು. "ಪಾಪ, ಒಳ್ಳೆಯ ಹುಡುಗರು," ಎಂದು ಕಣ್ಣೊರೆಸಿಕೊಂಡಿತು.

ಆದರೆ ಅದು ಒಂದು ವಿಷಯ ಮರೆತಿತ್ತು. ಕೇಳಿದ ದನಿಯನ್ನು ಇದ್ದಹಾಗೆ ಒಪ್ಪಿಸುವ ವರವನ್ನು ದೇವರು ಕಾಜಾಣಕ್ಕೂ ಗೊರವಂಕಕ್ಕೂ ಕೊಟ್ಟಿದ್ದಾನೆ. ಕಾಜಾಣದ ಅವ್ವ ಕೊಕ್ಕು ತೆರೆದಳು. ಹೊರಗೆ ಬಂದದ್ದು ನರಿಯ ದನಿ! "ಅಳಿಯಾ, ಹೇಳಬಾರದು ಅಂದುಕೊಂಡಿದ್ದೆ..." ಅವಳು ಮುಗಿಸಿದ ಕೂಡಲೇ ಗೊರವಂಕದ ಅವ್ವ ಶುರು ಮಾಡಿದಳು. ಅದೇ ದನಿ, ಅದೇ ಮಾತು. ಹೆಸರು ಮಾತ್ರ ಬೇರೆ.

"ಅದು ನನ್ನ ದನಿಯಲ್ಲ!" ಎಂದು ನರಿ ಕಿರುಚಿತು.

"ಅಯ್ಯೋ, ಅದೇ ದನಿ!" ಎಂದಿತು ಮುದಿ ಮೊಲ.

ಹಕ್ಕಿಗಳೆಲ್ಲ ಒಟ್ಟಾಗಿ ನರಿಯ ತಲೆ ಕುಕ್ಕಿದವು. ಅಂದಿನಿಂದ ಅದು ಎಲ್ಲಿ ಹೋದರೂ ಹಕ್ಕಿಗಳ ಕಾವಲಿನ ಕೂಗು ಅದಕ್ಕಿಂತ ಮೊದಲೇ ಹೋಗುತ್ತಿತ್ತು. ಒಂದು ಇಲಿಯೂ ಸಿಗದೆ, ಸೊರಗಿ ಸೊರಗಿ, ಕೊನೆಗೆ ಕಾಡನ್ನೇ ಬಿಟ್ಟು ಹೋಯಿತು.

ಹೋದ ಮಕ್ಕಳು ತಿರುಗಿ ಬರಲಿಲ್ಲ. ಆದರೆ ಇಂದಿಗೂ ಆ ಕಾಡಿನಲ್ಲಿ ಕಾಜಾಣಗಳು ಗೊರವಂಕನ ಹಾಡನ್ನು ಹಾಡುತ್ತವೆ, ಗೊರವಂಕಗಳು ಕಾಜಾಣನ ಹಾಡನ್ನು ಹಾಡುತ್ತವೆ. ಒಬ್ಬರು ಹಾಡುವಾಗ ಇನ್ನೊಬ್ಬರು ಆಕಾಶ ಕಾಯುತ್ತಾರೆ. ಕೊನೆಯ ಸಾಲನ್ನು ಮಾತ್ರ ಎರಡೂ ದಡಗಳು ಒಟ್ಟಿಗೆ ಹೇಳುತ್ತವೆ: "ಹಾಡುವಾಗ ಹಗೆ, ಹಾಡಿ ಮುಗಿದರೆ ನಗೆ!"

ನೀತಿ: ಗೆಳೆಯನ ಮೇಲಿನ ದೂರನ್ನು ಇನ್ನೊಬ್ಬರ ಬಾಯಿಂದ ಕೇಳಿ ನಂಬಬಾರದು, ತಡಮಾಡದೆ, ನಾನೇ ಯಾಕೆ ಮೊದಲು ಎನ್ನದೆ, ಅವನನ್ನೇ ಹೋಗಿ ಕೇಳಬೇಕು.

ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ಜಗಳ ನಗೆಯಲ್ಲೇ ಮುಗಿಯಲಿ. ನೀವು ಕಣ್ಣು ಮುಚ್ಚಿದಾಗ ಕಾಯುವ ಒಬ್ಬ ಗೆಳೆಯನನ್ನು ಆ ಭಗವಂತ ನಿಮಗೆ ಕರುಣಿಸಲಿ.