ಒಂದು ಹೆಸರಿಗಾಗಿ ಕಾದವರು

"ಗುರುಗಳೇ, ನಾನು ಕಟ್ಟಿದ ಶಾಲೆಯ ಮೇಲೆ ಎಲ್ಲರ ಕಣ್ಣೂ ಬಿದ್ದಿದೆ. ಸ್ವಲ್ಪ ಮೈಮರೆತರೂ ಕಿತ್ತುಕೊಳ್ಳಲು ಜನ ಸುತ್ತ ಕಾದಿದ್ದಾರೆ. ಇವರ ನಡುವೆ ನೆಮ್ಮದಿಯಿಂದ ಇರುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ವೈದ್ಯೆ ಇದ್ದಳು. ರಕ್ತದಲ್ಲಿ ಬಹಳ ಅಪರೂಪದ ಗುಂಪೊಂದಿದೆ. ಆ ಗುಂಪಿನವರಿಗೆ ಬೇರೆ ಯಾರ ರಕ್ತವೂ ಒಗ್ಗುವುದಿಲ್ಲ. ಅಂಥವರು ಒಬ್ಬರಿಗೊಬ್ಬರು ಸಿಗಲಿ ಎಂದು ಆಕೆ ಅಂತರಜಾಲದಲ್ಲಿ ಒಂದು ತಾಣ ಮಾಡಿದಳು. ಅದನ್ನು ತೆರೆಯಲು ಒತ್ತಬೇಕಾದ ಹೆಸರೊಂದನ್ನು ಹಣ ಕೊಟ್ಟು ಕೊಂಡಳು. ಆ ಹೆಸರು ಆಸ್ಪತ್ರೆಗಳ ಗೋಡೆಗಳ ಮೇಲೆ, ರಕ್ತ ಕೊಡುವವರ ಜೇಬಿನ ಚೀಟಿಗಳ ಮೇಲೆ ಅಚ್ಚಾಯಿತು. ಎಲ್ಲೋ ಒಬ್ಬರು ಸಾಯುವ ಸ್ಥಿತಿಯಲ್ಲಿದ್ದಾಗ ಅವರ ಮನೆಯವರು ಫೋನಿನಲ್ಲಿ ಆ ಹೆಸರನ್ನು ಒತ್ತುತ್ತಿದ್ದರು. ಇನ್ನೆಲ್ಲಿಂದಲೋ ಮತ್ತೊಬ್ಬರು ಬಸ್ಸು ಹತ್ತಿ ಬರುತ್ತಿದ್ದರು.

ಇಂಥ ಹೆಸರನ್ನು ಕಾಲಕಾಲಕ್ಕೆ ಹಣ ಕಟ್ಟಿ ನವೀಕರಿಸಬೇಕು. ಇಲ್ಲವಾದರೆ ಅದು ಕೈಬಿಟ್ಟುಹೋಗುತ್ತದೆ. ಒಮ್ಮೆ ವೈದ್ಯೆ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಮನೆಯವರು ಫೋನನ್ನು ಅವಳ ಕೈಗೆ ಕೊಡಲಿಲ್ಲ. ಎದ್ದು ನೋಡುವಾಗ ತಾಣ ಮುಚ್ಚಿತ್ತು. ಹೆಸರಿನ ಅವಧಿ ಮುಗಿದು, ದಂಡ ಕಟ್ಟಿ ಮರಳಿ ಪಡೆಯುವ ಗಡುವೂ ದಾಟಿತ್ತು. ಇನ್ನು ಕೆಲವೇ ದಿನಗಳಲ್ಲಿ ಅದು ಯಾರದೂ ಅಲ್ಲವೆಂದು ಬಿಡುಗಡೆಯಾಗಲಿತ್ತು. ಆಗ ಮೊದಲು ಹಿಡಿದವರಿಗೆ ಅದು.

ಹೀಗೆ ಬಿಡುಗಡೆಯಾಗುವ ಹೆಸರುಗಳನ್ನು ಹಿಡಿದುಕೊಡುವ ಸಂಸ್ಥೆಯೊಂದಕ್ಕೆ ವೈದ್ಯೆ ಫೋನ್ ಮಾಡಿದಳು. ಅಲ್ಲಿಯವನು, "ಮೇಡಂ, ನಿಮಗಿಂತ ಮೊದಲೇ ತುಂಬ ಜನ ಇದೇ ಹೆಸರು ಕೇಳಿದ್ದಾರೆ. ನಿಮ್ಮ ಸರದಿ ಎಲ್ಲರಿಗಿಂತ ಕೊನೆ" ಎಂದ. ಅವರು ಯಾರೆಂದು ಹೇಳಲು ಅವನಿಗೆ ಅನುಮತಿ ಇರಲಿಲ್ಲ.

ವೈದ್ಯೆಗೆ ಅನ್ನ ಸೇರಲಿಲ್ಲ. ಇಷ್ಟು ಹದ್ದುಗಳೇ ಎಂದುಕೊಂಡಳು. ನಾಳೆ ಆ ಹೆಸರಿನಲ್ಲಿ ಯಾರೋ ರಕ್ತ ಮಾರಲು ಕೂರುತ್ತಾರೆ, ಜನ ನನ್ನನ್ನು ನಂಬಿ ಅವರ ಬಳಿಗೆ ಹೋಗುತ್ತಾರೆ ಎಂದು ಕುದಿದಳು. ಮುಖವಿಲ್ಲದ ಆ ಗುಂಪನ್ನು ಮನಸ್ಸಿನಲ್ಲೇ ಶಪಿಸಿದಳು.

ಹೆಸರು ಬಿಡುಗಡೆಯಾಯಿತು. ಅದೇ ಗಳಿಗೆಯಲ್ಲಿ ಯಾರದೋ ಪಾಲಾಯಿತು. ಮರುದಿನ ಬೆಳಿಗ್ಗೆ ಧೈರ್ಯ ಮಾಡಿ ತಾಣ ತೆರೆದಳು. ಅಲ್ಲಿ ಒಂದು ಫೋನ್ ನಂಬರು, ಒಂದು ಸಾಲು: 'ಡಾಕ್ಟರಮ್ಮ, ಎಲ್ಲಿದ್ದರೂ ಫೋನ್ ಮಾಡಿ.'

ಮಾಡಿದಳು. ಎತ್ತಿದವನು ಒಬ್ಬ ಲಾರಿ ಚಾಲಕ.

"ಅಮ್ಮಾ, ಹೆರಿಗೆಯಲ್ಲಿ ನನ್ನ ಹೆಂಡತಿ ಉಳಿದದ್ದು ನಿಮ್ಮ ತಾಣದಿಂದ. ಅದು ಮುಚ್ಚಿದ್ದು ಕಂಡು ಹೆದರಿದೆ. ನೀವು ಇದ್ದೀರೋ ಇಲ್ಲವೋ ತಿಳಿಯಲಿಲ್ಲ. ಬೇರೆಯವರ ಕೈಗೆ ಹೋಗದಿರಲಿ ಎಂದು ಹಿಡಿದಿಟ್ಟೆ. ನಿಮ್ಮದು ನೀವು ತೆಗೆದುಕೊಳ್ಳಿ."

ವೈದ್ಯೆ ಕೇಳಿದಳು: "ಇದಕ್ಕೇ ಇನ್ನೂ ತುಂಬ ಜನ ಕಾದಿದ್ದರಂತಲ್ಲ. ಅವರ ಕೈಯಿಂದ ನೀವು ಹೇಗೆ ತಪ್ಪಿಸಿದಿರಿ?"

"ತಪ್ಪಿಸುವುದೆಲ್ಲಿ ಬಂತು? ಆ ನಂಬರು ಹಾಕಿದಾಗಿನಿಂದ ಫೋನ್ ಕೆಳಗಿಡಲು ಬಿಟ್ಟಿಲ್ಲ ಅವರು. ಒಬ್ಬರು ಮಂಗಳೂರಿನ ಸಿಸ್ಟರು, ಒಬ್ಬರು ಬೀದರಿನ ಮೇಷ್ಟ್ರು, ಇನ್ನೊಬ್ಬರು ದುಬೈನಿಂದ. ಅವರೂ ನಿಮಗಾಗಿ ಹಿಡಿದಿಡಲೆಂದೇ ಸರದಿಯಲ್ಲಿದ್ದವರಂತೆ. ಎಲ್ಲರೂ ಕೇಳುವುದು ಒಂದೇ, ಹೆಸರನ್ನು ಡಾಕ್ಟರಮ್ಮನಿಗೆ ವಾಪಸು ಕೊಡುತ್ತೀಯೋ ಇಲ್ಲವೋ ಅಂತ. ಒಬ್ಬರಂತೂ ನನ್ನನ್ನು ಕಳ್ಳ ಅಂತಲೇ ಬೈದರು."

ವೈದ್ಯೆ ಫೋನ್ ಹಿಡಿದುಕೊಂಡೇ ನೆಲದ ಮೇಲೆ ಕುಳಿತಳು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ. ಒಬ್ಬರಿಗೂ ಇನ್ನೊಬ್ಬರ ಸುಳಿವಿರಲಿಲ್ಲ. ಅವಳು ಕಾಯಿಲೆಯಿಂದ ಮಲಗಿದ್ದಾಗಲೂ ಅವರು ಒಬ್ಬೊಬ್ಬರಾಗಿ ಬಂದು ಅವಳ ಜಾಗ ಕಾದಿದ್ದರು. ಅಷ್ಟು ದೊಡ್ಡದರ ಎದುರು ಅವಳ ಕೈಗಳು ಫೋನಿನ ಸಮೇತ ತಾವಾಗಿಯೇ ಮುಗಿದವು.

ಕತೆ ಅಲ್ಲಿಗೆ ನಿಂತಿತು. ಗುರುಗಳು ಶಿಷ್ಯನ ಕಡೆ ತಿರುಗಿದರು.

"ನಿನ್ನ ಶಾಲೆಯ ಸುತ್ತ ನಿಂತವರನ್ನು, ಯಾಕೆ ನಿಂತಿದ್ದೀರಿ ಎಂದು ನೀನು ಕೇಳಿದ್ದೀಯಾ?"