ಕೆಂಜಿಗದ ಕಾವಲು

"ಕಾವಲಿನವರೇ ಬಂದು ಸುತ್ತ ನಿಂತಿರುವಾಗ ಕತ್ತರಿ ಯಾಕೆ ಬೇಕು, ಬುದ್ಧಿ?"

ಮರಿದೇವ ಈ ಪ್ರಶ್ನೆಯನ್ನು ಗುರುಗಳ ಮುಂದಿಟ್ಟಾಗ ಅವನ ನಾಲಿಗೆ ಬಲಗೆನ್ನೆಯ ಒಳಗಿದ್ದ ಬಿಳಿ ಕಲೆಯನ್ನು ಸವರಿ ಸವರಿ ಬರುತ್ತಿತ್ತು. ಅವನು ಮಠದಲ್ಲಿ ಸಂಜೆಯ ಹೊತ್ತು ಪುರಾಣ ಓದುವವನು. ಅವನ ಓದು ಕೇಳಲೆಂದೇ ಸುತ್ತಲ ಹಳ್ಳಿಗಳಿಂದ ಜನ ಬರುತ್ತಿದ್ದರು. ಓದು ಮುಗಿದ ಮೇಲೆ ಹೊಗೆಸೊಪ್ಪಿನ ಚೂರೊಂದನ್ನು ಆ ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವುದು ಎಷ್ಟೋ ವರ್ಷಗಳ ಅಭ್ಯಾಸ.

ಪೇಟೆಯ ಆಸ್ಪತ್ರೆಯ ವೈದ್ಯರು ಆ ಕಲೆಯಿಂದ ಚೂರು ತೆಗೆದು ಪರೀಕ್ಷೆ ಮಾಡಿಸಿದ್ದರು. ಇದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಆ ದಾರಿ ಹಿಡಿದಿದೆ ಎಂದಿದ್ದರು. ರೋಗದ ಜೊತೆ ಹೋರಾಡುವ ರಕ್ಷಕ ಕಣಗಳು ಅಲ್ಲಿ ದಟ್ಟವಾಗಿ ನೆರೆದಿವೆ ಎಂದೂ ಹೇಳಿದ್ದರು. ಹೊಗೆಸೊಪ್ಪು ಬಿಡಬೇಕು, ಕಲೆಯನ್ನು ಕತ್ತರಿಸಿ ತೆಗೆಸಿಕೊಳ್ಳಬೇಕು, ತಡ ಮಾಡಿದರೆ ಜೀವಕ್ಕೇ ಕುತ್ತು ಬರುತ್ತದೆ ಎಂದು ಮಾತು ಮುಗಿಸಿದ್ದರು.

ಮರಿದೇವನಿಗೆ ಎಲ್ಲರ ಮೇಲೂ ಗುಮಾನಿ. ವೈದ್ಯರಿಗೆ ಕತ್ತರಿ ಆಡಿಸುವ ಚಪಲ ಎಂದುಕೊಂಡ. ಪರೀಕ್ಷೆ ಮಾಡಿದವರು ಇನ್ಯಾರದೋ ಚೂರನ್ನು ತನ್ನದೆಂದು ನೋಡಿರಬೇಕು. ಆಸ್ಪತ್ರೆಗೆ ಹೋಗು ಹೋಗು ಎಂದು ಬೆನ್ನು ಹತ್ತಿದ್ದ ಜೊತೆಯ ಶಿಷ್ಯನಿಗಂತೂ ಪುರಾಣದ ಪೀಠದ ಮೇಲೆ ಕಣ್ಣು. ಕೆನ್ನೆ ಕುಯ್ದರೆ ಬಾಯಿ ಬಿಗಿಯುತ್ತದೆ, ಮಾತು ತೊದಲುತ್ತದೆ, ಪೀಠ ಅವನ ಪಾಲಾಗುತ್ತದೆ. ಇಷ್ಟನ್ನೂ ಮನಸ್ಸಿನಲ್ಲಿ ಮಸೆದುಕೊಂಡೇ ಅವನು ಗುರುಗಳ ಹತ್ತಿರ ಬಂದಿದ್ದ.

"ಕಾವಲು ನೆರೆದಿದೆ ಅಂದರು, ಸರಿ. ಆಮೇಲೆ ವೈದ್ಯರು ಏನಂದರು?" ಗುರುಗಳು ಕೇಳಿದರು.

"ಆ ಕಣಗಳು ಮೊದಲು ಕೆಟ್ಟದ್ದನ್ನ ಕೊಲ್ತವಂತೆ, ಬುದ್ಧಿ. ಬರ್ತಾ ಬರ್ತಾ ಅವುಗಳಲ್ಲೇ ಕೆಲವು ಅತ್ತ ಕಡೆ ಸೇರಿ ಕೆಟ್ಟದ್ದನ್ನೇ ಸಾಕೋದೂ ಉಂಟಂತೆ. ಇದು ನಂಬೋ ಮಾತಾ? ನನ್ನ ಮೈಯಲ್ಲಿ ಹುಟ್ಟಿದ ಕಾವಲು ನನಗೇ ತಿರುಗಿ ಬೀಳ್ತದಾ? ಹೆದರಿಸೋಕೆ ಹೇಳಿದ್ದು, ಅಷ್ಟೆ. ಕಾರ್ತಿಕ ಕಳೀಲಿ, ಆಮೇಲೆ ನೋಡೋಣ ಅಂತಿದ್ದೀನಿ."

ಗುರುಗಳು ಕೂತುಕೋ ಎಂದು ಸನ್ನೆ ಮಾಡಿ, ಕತೆ ಶುರು ಮಾಡಿದರು.

ಒಬ್ಬ ರೈತನಿದ್ದ. ಅಪ್ಪನ ಆಸ್ತಿಯಲ್ಲಿ ಮಾವಿನ ತೋಪು ಅವನ ಪಾಲಿಗೆ ಬಂದಿತ್ತು, ಪಕ್ಕದ ಹೊಲ ತಮ್ಮನ ಪಾಲಿಗೆ ಹೋಗಿತ್ತು. ರೈತನ ಮನೆಯ ಒಲೆ ಉರಿಯುತ್ತಿದ್ದದ್ದು ಆ ತೋಪಿನಿಂದಲೇ. ಆದರೆ ಅವನು ಮಹಾ ಅನುಮಾನದ ಮನುಷ್ಯ. ಕಾಯಿ ಉದುರಿದರೆ ಗಾಳಿಯೊಂದನ್ನು ಬಿಟ್ಟು ಮಿಕ್ಕೆಲ್ಲರನ್ನೂ ದೂರುತ್ತಿದ್ದ. ಕಾವಲಿಗೆ ಒಬ್ಬ ಆಳನ್ನಿಟ್ಟ. ಕಳ್ಳರ ಜೊತೆ ಶಾಮೀಲಾಗಿದ್ದಾನೆ ಎಂದು ಅವನನ್ನು ಬಿಡಿಸಿದ. ಇನ್ನೊಬ್ಬನನ್ನಿಟ್ಟ. ಆ ಬಡಪಾಯಿ ಬೀಡಿ ಸೇದಿ ಕೆಮ್ಮಿದರೂ ಅದು ಕಳ್ಳರಿಗೆ ಕೊಡುವ ಸನ್ನೆ ಎಂದು ಇವನಿಗೆ ಅನಿಸಿತು. ಅವನನ್ನೂ ಕಳಿಸಿದ.

ಕೊನೆಗೆ ಕಾಡಂಚಿನಿಂದ ಕೆಂಜಿಗದ ಗೂಡುಗಳನ್ನು ತಂದು ಮರಗಳಿಗೆ ಕಟ್ಟಿದ. ಕೆಂಜಿಗ ಎಂದರೆ ಎಲೆಗಳನ್ನು ಹೆಣೆದು ಗೂಡು ಮಾಡುವ ಕೆಂಪು ಇರುವೆ. ಕಚ್ಚಿದರೆ ಜೀವ ಹೋಗಿ ಬಂದಂತಾಗುತ್ತದೆ. ಅವು ಸಲೀಸಾಗಿ ಓಡಾಡಲಿ ಎಂದು ರೈತ ಮರದಿಂದ ಮರಕ್ಕೆ ಹಗ್ಗ ಎಳೆದ. ಇರುವೆಗೆ ನೆಂಟರಿಲ್ಲ, ಇರುವೆಗೆ ಲಂಚ ಗೊತ್ತಿಲ್ಲ ಎಂದು ಊರಲ್ಲಿ ಹೇಳಿಕೊಂಡು ತಿರುಗಿದ. ಅವನ ಮಾತು ಆಗ ಸುಳ್ಳಾಗಲೂ ಇಲ್ಲ. ಕೆಂಜಿಗಗಳು ಕಂಬಳಿಹುಳುಗಳನ್ನು ಹರಿದು ಹಾಕಿದವು, ಮರ ಹತ್ತಿದ ಕಳ್ಳರನ್ನು ಕಚ್ಚಿ ಓಡಿಸಿದವು. ರೈತ ಎಷ್ಟೋ ಕಾಲದ ಮೇಲೆ ಕಣ್ತುಂಬ ನಿದ್ದೆ ಮಾಡಿದ.

ಒಂದು ಬೇಸಿಗೆಯಲ್ಲಿ, ತಮ್ಮನ ಹೊಲದ ಕಡೆ ಬಾಗಿದ್ದ ಕೊಂಬೆಯ ಮೇಲೆ ಹತ್ತಿ ಅಂಟಿದಂತೆ ಬೆಳ್ಳಗೆ ಕಾಣಿಸಿತು. ಅದು ಹಿಟ್ಟು ತಿಗಣೆ. ಚಿಗುರಿನ ರಸ ಹೀರಿ ಮರವನ್ನೇ ಬತ್ತಿಸುವ ಸಣ್ಣ ಹುಳು. ತಮ್ಮ ಅದನ್ನು ಕಂಡವನೇ ಬೇಲಿಯಾಚೆಯಿಂದ ಕೂಗಿ ಹೇಳಿದ.

"ಅಣ್ಣಾ, ಈ ಕೊಂಬೆಗೆ ಬಿಳೀದು ಹಿಡ್ದದೆ. ಸದ್ಯ ಇದೊಂದೇ ಕೊಂಬೇಲದೆ. ಈಗ್ಲೇ ಕಡ್ದು ಸುಟ್ಬುಡು."

"ಕೊಂಬೆ ಹೋದ್ರೆ ನಿನ್ ಹೊಲಕ್ಕೆ ಬಿಸ್ಲು ಬೀಳ್ತದಲ್ಲ, ಅದ್ನ ಹೇಳು" ಎಂದ ರೈತ. "ನೋಡಲ್ಲಿ, ನನ್ ಇರುವೆ ಆಗ್ಲೇ ಮುತ್ಕಂಡವೆ. ಅವೇ ನೋಡ್ಕತವೆ."

ಇರುವೆ ಮುತ್ತಿದ್ದು ನಿಜ. ತೋಪಿನ ಬೇರೆ ಯಾವ ಕೊಂಬೆಯ ಮೇಲೂ ಅಷ್ಟು ಇರುವೆ ಇರಲಿಲ್ಲ. ಕೊಂಬೆಯ ನೆರಳು ತಮ್ಮನ ಹೊಲಕ್ಕೆ ಬೀಳುತ್ತಿದ್ದದ್ದೂ ನಿಜ. ಹಾಗಾಗಿ ರೈತನಿಗೆ ತನ್ನ ಅನುಮಾನದ ಮೇಲೆ ಇನ್ನಷ್ಟು ನಂಬಿಕೆ ಬಂತು. ತಾನು ಊಟಕ್ಕೆ ಹೋದಾಗ ತಮ್ಮ ಕೊಂಬೆಯನ್ನು ಕಡಿದುಬಿಟ್ಟಾನು ಎಂದು ಬುತ್ತಿಯನ್ನು ತೋಪಿಗೇ ತರಿಸಿಕೊಂಡ. ದಿನವೆಲ್ಲ ಮರದ ಕೆಳಗೆ ಕೂತು ತಮ್ಮನ ಹೊಲವನ್ನೇ ನೋಡುತ್ತಿದ್ದ. ಕತ್ತೆತ್ತಿ ಮೇಲೆ ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಮೇಲೆ ನಡೆಯುತ್ತಿದ್ದದ್ದೇ ಬೇರೆ. ಕೆಂಜಿಗಗಳು ಮೊದಮೊದಲು ಕೆಲವು ತಿಗಣೆಗಳನ್ನು ಕೊಂದದ್ದೂ ಉಂಟು. ಆಮೇಲೆ ತಿಗಣೆಯ ಮೈಯಿಂದ ಜಿನುಗುವ ಸಿಹಿಯ ರುಚಿ ಹತ್ತಿತು. ದಿನವೂ ಸಿಹಿ ಕೊಡುವವರನ್ನು ಯಾರಾದರೂ ಕೊಲ್ಲುತ್ತಾರೆಯೇ? ಕೆಂಜಿಗಗಳು ಅವುಗಳನ್ನು ಕಾಯತೊಡಗಿದವು. ತಿಗಣೆಯನ್ನು ತಿನ್ನಲು ಬಂದ ಗುಲಗಂಜಿ ಹುಳುಗಳನ್ನು ಕಚ್ಚಿ ಅಟ್ಟಿದವು. ಚಿಗುರು ಬತ್ತಿದ ಕೂಡಲೇ ಮರಿ ತಿಗಣೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊಸ ಚಿಗುರಿಗೆ ಸಾಗಿಸಿದವು. ಓಡಾಡಲು ರೈತ ಕಟ್ಟಿದ ಹಗ್ಗಗಳಂತೂ ಇದ್ದೇ ಇದ್ದವು.

ಕೊಂಬೆ ಕಪ್ಪಾಗಿ ಒಣಗಿತು. ಪಕ್ಕದ ಮರದಲ್ಲಿ ಬಿಳಿ ಕಾಣಿಸಿತು. ರೈತನಿಗೆ ಆಗ ದಿಗಿಲಾಯಿತು. ಯಾರನ್ನೂ ಕರೆಯದೆ ಮಚ್ಚು ಹಿಡಿದು ತಾನೇ ಮರ ಹತ್ತಿದ. ಕೊಂಬೆಗೆ ಮಚ್ಚು ತಗುಲಿದ್ದೇ ತಡ, ಕೆಂಜಿಗಗಳೆಲ್ಲ ಅವನ ಮೇಲೆ ಬಿದ್ದವು. ಕೈ, ಕತ್ತು, ಕಣ್ಣಿನ ರೆಪ್ಪೆ, ಯಾವುದನ್ನೂ ಬಿಡಲಿಲ್ಲ. ತಂದು ಸಾಕಿದ ಒಡೆಯ ಎಂಬ ಗುರುತು ಒಂದಕ್ಕೂ ಇರಲಿಲ್ಲ. ಮಚ್ಚು ಬಿಸಾಕಿ, ಅರಚಿಕೊಂಡು, ಕೆಳಗೆ ಜಾರಿ ಬಿದ್ದ.

ತಮ್ಮ ಬೇಲಿ ಹಾರಿ ಬಂದ. ಮೈಗೆಲ್ಲ ಗೋಣಿ ಸುತ್ತಿಕೊಂಡು ಮರ ಹತ್ತಿ, ಕೊಂಬೆಯನ್ನು ಕಡಿದ. ಆಮೇಲೆ ಹಗ್ಗಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ಹಾಕಿದ. ಆದರೆ ಹೊತ್ತು ಮೀರಿ ಹೋಗಿತ್ತು. ಹಗ್ಗ ಮುಟ್ಟಿದ ಮರಗಳೆಲ್ಲ ಒಂದರ ಹಿಂದೊಂದು ಒಣಗಿದವು. ಹಗ್ಗ ಸಾಲದೆ ಬಿಟ್ಟಿದ್ದ ಮೂಲೆಯ ನಾಲ್ಕಾರು ಮರಗಳು ಮಾತ್ರ ಉಳಿದುಕೊಂಡವು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಮರಿದೇವನಿಗೆ ರೈತನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

"ಎಂಥ ದಡ್ಡ ಅವನು, ಬುದ್ಧಿ! ಕಂಡಕಂಡವರನ್ನೆಲ್ಲ ಅನುಮಾನಿಸಿದ. ಆ ಇರುವೆಗಳನ್ನ ಒಂದು ಸಲ ಅನುಮಾನಿಸಬಾರದಿತ್ತಾ?"

ಗುರುಗಳು ಅವನ ಬಲಗೆನ್ನೆಯನ್ನೇ ನೋಡುತ್ತ ಕೇಳಿದರು:

"ವೈದ್ಯರ ಮಾತನ್ನೆಲ್ಲ ಅನುಮಾನಿಸಿದ ನೀನು, ಕಾವಲು ನೆರೆದಿದೆ ಅನ್ನೋ ಒಂದು ಮಾತನ್ನ ಮಾತ್ರ ಹೇಗಪ್ಪಾ ನಂಬಿದೆ?"

ಮರಿದೇವನ ನಾಲಿಗೆ ಬಿಳಿ ಕಲೆಯ ತನಕ ಹೋಗಿ ಅಲ್ಲೇ ನಿಂತಿತು.